ಬರಿದಾಗಿ ಉಳಿದ ಎರಡನೆಯ ಮೆಟ್ಟಿಲು

ಮೆಕ್ಸಿಕೋ ನಗರದ ಆ ಛಾಯಾಚಿತ್ರವನ್ನು ನಮ್ಮಲ್ಲಿ ಅನೇಕರು ನೋಡಿರುತ್ತೇವೆ. 1968ರ ಅಕ್ಟೋಬರ್ 16ರಂದು ತೆಗೆದದ್ದು. ಒಲಿಂಪಿಕ್ ವಿಜಯವೇದಿಕೆಯ ಮೇಲೆ ಅಮೆರಿಕೆಯ ಇಬ್ಬರು ಕಪ್ಪುಜನಾಂಗದ ಓಟಗಾರರು ತಲೆ ತಗ್ಗಿಸಿ, ಕಪ್ಪು ಕೈಗವಸು ತೊಟ್ಟ ಮುಷ್ಟಿಯನ್ನು ಮೇಲೆತ್ತಿ ನಿಂತಿದ್ದಾರೆ. ಅವರ ಮುಂದೆ ಕೈಗಳನ್ನು ಇಳಿಬಿಟ್ಟು ನೆಟ್ಟಗೆ ನಿಂತ ಬಿಳಿಯರೊಬ್ಬರಿದ್ದಾರೆ. ನೋಡುವವರ ಕಣ್ಣು ಬಹುಕಾಲ ಅವರ ಮೇಲೆ ನಿಲ್ಲಲೇ ಇಲ್ಲ.

ಟಾಮಿ ಸ್ಮಿತ್ ಅಂದು 200 ಮೀಟರ್ ದೂರವನ್ನು 19.83 ಸೆಕೆಂಡುಗಳಲ್ಲಿ ಓಡಿ ವಿಶ್ವದಾಖಲೆ ಸ್ಥಾಪಿಸಿದ್ದರು. ಜಾನ್ ಕಾರ್ಲೋಸ್ ಮೂರನೆಯವರು. ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾಗಿ ಆಗ ಆರು ತಿಂಗಳಾಗಿತ್ತು. ತಮ್ಮ ಜನರ ಬಡತನವನ್ನು ಜಗತ್ತಿಗೆ ತೋರಲೆಂದು ಅವರು ಪಾದರಕ್ಷೆಗಳನ್ನು ಕಳಚಿ, ಬರಿಯ ಕಪ್ಪು ಕಾಲುಚೀಲದಲ್ಲಿ ವೇದಿಕೆಯೇರಿದರು. ಕಾರ್ಲೋಸ್ ತಮ್ಮ ಕೈಗವಸುಗಳನ್ನು ವಸತಿಯಲ್ಲಿಯೇ ಮರೆತು ಬಂದಿದ್ದರು. ಇರುವ ಒಂದು ಜೊತೆಯನ್ನೇ ಹಂಚಿಕೊಳ್ಳಿರೆಂದು ಸೂಚಿಸಿದವರು ಎರಡನೆಯ ಸ್ಥಾನ ಗಳಿಸಿದ್ದ ಆಸ್ಟ್ರೇಲಿಯದ ಪೀಟರ್ ನಾರ್ಮನ್. ಆದುದರಿಂದಲೇ ಚಿತ್ರದಲ್ಲಿ ಒಬ್ಬರದು ಬಲಗೈ, ಇನ್ನೊಬ್ಬರದು ಎಡಗೈ. ನಾರ್ಮನ್ ಅಷ್ಟಕ್ಕೇ ನಿಲ್ಲಲಿಲ್ಲ. ಮಾನವಹಕ್ಕುಗಳ ಚಳವಳಿಯ ಬಿಲ್ಲೆಯೊಂದನ್ನು ಅಮೆರಿಕೆಯ ದೋಣಿತಂಡದ ಬಿಳಿಯ ಸದಸ್ಯರೊಬ್ಬರಿಂದ ಪಡೆದು ತಮ್ಮ ಎದೆಗೂ ಧರಿಸಿದರು. ಬಿಳಿಯರಲ್ಲದವರ ವಲಸೆಯನ್ನು ತಡೆಯುವ ನೀತಿ ಅವರ ನಾಡಿನಿಂದ ಆಗಿನ್ನೂ ಪೂರ್ತಿಯಾಗಿ ತೊಲಗಿರಲಿಲ್ಲ.

ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷ ಎವರಿ ಬ್ರಂಡೇಜ್ ಕೆರಳಿದರು. 1936ರ ಬರ್ಲಿನ್ ಕೂಟದಲ್ಲಿ ನಾತ್ಸಿ ವಂದನೆಗೆ ಆಕ್ಷೇಪವೆತ್ತದವರು ಇವರೇ ಎಂಬುದನ್ನು ಇಲ್ಲಿ ನೆನೆಯಬೇಕು. ಸ್ಮಿತ್ ಮತ್ತು ಕಾರ್ಲೋಸರನ್ನು ಕೂಟದಿಂದ ಹೊರಗಟ್ಟಲಾಯಿತು. ಊರಿಗೆ ಮರಳಿದಾಗ ಅವರನ್ನು ಎದುರುಗೊಂಡದ್ದು ಪ್ರಾಣಬೆದರಿಕೆ.

ಹರಳಯ್ಯನವರೊಡನೆ ಶಿಕ್ಷೆಯುಂಡ ಮಧುವರಸರ ಕಥೆಯನ್ನು ಕೇಳಿ ಬೆಳೆದ ನಮ್ಮ ಮನಸ್ಸು ಮಾತ್ರ ಮತ್ತೆ ಮತ್ತೆ ನಾರ್ಮನ್ನರತ್ತ ಹೊರಳುತ್ತದೆ. 1972ರ ಮ್ಯೂನಿಕ್ ಕೂಟಕ್ಕೆ ಅವರ ದೇಶ ಅವರನ್ನು ಕಳುಹಿಸಲಿಲ್ಲ. ಆಯ್ಕೆಯ ಓಟದಲ್ಲಿ ಹಿಂದೆ ಬಿದ್ದರೆಂಬುದು ಅಧಿಕಾರಿಗಳ ವಾದ. ಅರ್ಹತೆಯ ವೇಗವನ್ನು ಅವರು ಹಲವು ಬಾರಿ ಮುಟ್ಟಿದ್ದರು. ಆಸ್ಟ್ರೇಲಿಯದ ಸಂಸತ್ತೇ 2012ರಲ್ಲಿ ಅವರ ಕ್ಷಮೆ ಯಾಚಿಸಿತು. ಕೇಳಲು ನಾರ್ಮನ್ ಉಳಿದಿರಲಿಲ್ಲ. 2006ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡಾಗ ಸ್ಮಿತ್ ಮತ್ತು ಕಾರ್ಲೋಸ್ ಸಮುದ್ರ ದಾಟಿ ಬಂದು ಶವಪೆಟ್ಟಿಗೆಗೆ ಹೆಗಲು ಕೊಟ್ಟಿದ್ದರು.

ಆ ಇಬ್ಬರು ಓದಿದ ಸ್ಯಾನ್ ಹೊಸೆ ವಿಶ್ವವಿದ್ಯಾಲಯದಲ್ಲಿ 2005ರಲ್ಲಿಯೇ ಅವರ ಬೃಹತ್ ಪ್ರತಿಮೆಗಳು ಎದ್ದವು. ಎರಡನೆಯ ಮೆಟ್ಟಿಲು ಅಲ್ಲಿ ಬರಿದಾಗಿದೆ. ಬಂದವರು ಯಾರಾದರೂ ತಮ್ಮ ಸ್ಥಾನದಲ್ಲಿ ನಿಲ್ಲುವಂತಾಗಲಿ ಎಂಬುದು ನಾರ್ಮನ್ನರದೇ ಅಪೇಕ್ಷೆಯಾಗಿತ್ತು. ಮೆಲ್ಬರ್ನಿನಲ್ಲಿ ಅವರ ಪ್ರತಿಮೆ ನಿಂತದ್ದು 2019ರಲ್ಲಿ.

ಅವರ 20.06 ಸೆಕೆಂಡುಗಳ ಓಟ ಆಸ್ಟ್ರೇಲಿಯದ ದಾಖಲೆಯಾಗಿ 56 ವರ್ಷ ಉಳಿಯಿತು. 2024ರ ಡಿಸೆಂಬರಿನಲ್ಲಿ ಅದನ್ನು 20.04ರಲ್ಲಿ ಮುರಿದವನು ಹದಿನಾರರ ಹುಡುಗ ಗೌಟ್ ಗೌಟ್. ಆತನ ತಂದೆತಾಯಿ ದಕ್ಷಿಣ ಸೂಡಾನಿನಿಂದ ವಲಸೆ ಬಂದು ಆ ನಾಡಿನಲ್ಲಿ ನೆಲೆಸಿದವರು.