ಮಲ್ಪೆಯ ಬಿಡಾರ, ಸುತ್ತಣ ಸಂಚಾರ

ರಜೆಯ ನಾಲ್ಕು ದಿನಗಳಲ್ಲಿ ಆರು ಊರುಗಳನ್ನು ಮುಗಿಸಿಬಿಡಬೇಕೆಂಬ ಸಂಕಲ್ಪದಿಂದ ಹೊರಟು, ಪ್ರತಿ ಮುಂಜಾನೆ ಗಂಟುಮೂಟೆ ಕಟ್ಟಿ, ಪ್ರತಿ ಸಂಜೆ ಹೊಸದೊಂದು ವಸತಿಗೃಹದಲ್ಲಿ ಅದನ್ನು ಬಿಚ್ಚುವ ಪ್ರವಾಸಿಗರು, ಮನೆಗೆ ಮರಳಿದ ಮೇಲೆ ಕಂಡ ದೃಶ್ಯಗಳಿಗಿಂತ ಪಟ್ಟ ದಣಿವನ್ನೇ ಹೆಚ್ಚಾಗಿ ಸ್ಮರಿಸುವುದುಂಟು. ಇದಕ್ಕೆ ಪ್ರತಿಯಾಗಿ, ಸಮುದ್ರತೀರದ ಒಂದೇ ಊರಿನಲ್ಲಿ ಬಿಡಾರ ಮಾಡಿ, ದಿನಕ್ಕೊಂದು ದಿಕ್ಕಿನಂತೆ ಸುತ್ತಣ ಸೀಮೆಯನ್ನು ನೋಡಿಕೊಂಡು ಸಂಜೆಯೊಳಗೆ ಹಿಂತಿರುಗುವ ಕ್ರಮವೊಂದುಂಟು. ನಮ್ಮ ನಾಡಿನಲ್ಲಿ ಈ ಕ್ರಮಕ್ಕೆ ಉಡುಪಿಯ ಮಗ್ಗುಲಿನ ಮಲ್ಪೆಯಷ್ಟು ಅನುಕೂಲವಾದ ಸ್ಥಳಗಳು ವಿರಳ.

ಇದಕ್ಕೆ ಕಾರಣ ಭೂರಚನೆಯಲ್ಲಿಯೇ ಇದೆ. ಪಶ್ಚಿಮದ ಕಡಲಿಗೂ ಪೂರ್ವದ ಸಹ್ಯಾದ್ರಿಗೂ ನಡುವಣ ನೆಲ ಇಲ್ಲಿ ಅತ್ಯಂತ ಕಿರಿದಾದುದರಿಂದ, ಬೆಳಗ್ಗೆ ಮರಳದಂಡೆಯನ್ನು ಬಿಟ್ಟವನು ತೆಂಗಿನ ತೋಟಗಳನ್ನೂ ಬಯಲುಗದ್ದೆಗಳನ್ನೂ ಮುರಕಲ್ಲಿನ ಪದವುಗಳನ್ನೂ ದಾಟಿ, ಎರಡು ಗಂಟೆಗಳಷ್ಟರಲ್ಲಿ ಘಟ್ಟದ ನೆತ್ತಿಯಲ್ಲಿ ನಿಲ್ಲಬಹುದು. ಮಲ್ಪೆಯಿಂದ ಉಡುಪಿಗೆ ಸುಮಾರು 6 ಕಿಲೋಮೀಟರ್. ಸಿಟಿ ಬಸ್ಸುಗಳಿಗೆ ಕೊರತೆಯಿಲ್ಲ. ಅಲ್ಲಿಂದ ಕಾರ್ಕಳಕ್ಕೂ ಕುಂದಾಪುರಕ್ಕೂ ಖಾಸಗಿ ಎಕ್ಸ್‌ಪ್ರೆಸ್ ಬಸ್ಸುಗಳು ಓಡಾಡುತ್ತವೆ. ಇಂದ್ರಾಳಿಯಲ್ಲಿ ಕೊಂಕಣ ರೈಲ್ವೆಯ ನಿಲ್ದಾಣವಿದೆ.

ಮೊದಲ ದಿನ ದೂರ ಹೋಗಬೇಕಾದುದಿಲ್ಲ. ಮಲ್ಪೆಯಿಂದಲೇ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಗಳನ್ನು ಸೇರಬಹುದು. ದಡಕ್ಕಿಳಿದೊಡನೆ ಕಣ್ಣಿಗೆ ಬೀಳುವುದು, ಪಟ್ಟಿಯಿಟ್ಟು ಕಡಿದು ಒತ್ತೊತ್ತಾಗಿ ನಿಲ್ಲಿಸಿದ ಕಂಬಗಳಂತೆ ತೋರುವ ಬಹುಕೋನಗಳ ಶಿಲಾಸ್ತಂಭಗಳು. ಸುಮಾರು ಎಂಟೂಮುಕ್ಕಾಲು ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಭೂಗರ್ಭದಿಂದ ಹೊಮ್ಮಿದ ಲಾವಾರಸವು ತಣಿಯುತ್ತ ಸಂಕುಚಿಸಿ, ಬಿರುಕುಗಳು ಒಂದು ನಿಯಮಕ್ಕೊಳಪಟ್ಟು ಮೂಡಿದುದರಿಂದ ಈ ಆಕಾರ ಲಭಿಸಿತೆಂದು ಭೂವಿಜ್ಞಾನಿಗಳು ನಿರ್ಣಯಿಸಿದ್ದಾರೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಳಿದನೆಂಬುದು ಐತಿಹ್ಯ. ಮಧ್ಯಾಹ್ನಕ್ಕೆ ಮರಳಿದವರು ದಕ್ಷಿಣದ ಕಾಪುವಿಗೆ ಹೋದರೆ, ಬಂಡೆಯ ಮೇಲೆ 1901ರಲ್ಲಿ ನಿರ್ಮಿತವಾದ ದೀಪಸ್ತಂಭದಡಿಯಲ್ಲಿ ಸಂಜೆಯನ್ನು ಕಳೆಯಬಹುದು.

ಎರಡನೆಯ ದಿನವನ್ನು ಆಗ್ನೇಯ ದಿಕ್ಕಿನ ಜೈನಕ್ಷೇತ್ರಗಳಿಗೆ ಮೀಸಲಿಡತಕ್ಕದ್ದು. ಉಡುಪಿಯಿಂದ ಸುಮಾರು 38 ಕಿಲೋಮೀಟರ್ ದೂರದ ಕಾರ್ಕಳದಲ್ಲಿ, ವೀರಪಾಂಡ್ಯನು 1432ರಲ್ಲಿ ಪ್ರತಿಷ್ಠಾಪಿಸಿದ 42 ಅಡಿಯ ಏಕಶಿಲಾ ಬಾಹುಬಲಿ ಬೋಳುಬಂಡೆಯ ಬೆಟ್ಟದ ಮೇಲೆ ನಿಂತಿದ್ದಾನೆ. ಅದಕ್ಕಿದಿರಾದ ಚಿಕ್ಕ ಗುಡ್ಡದ ಮೇಲೆ, ಇಮ್ಮಡಿ ಭೈರವನು 1586ರಲ್ಲಿ ಕಟ್ಟಿಸಿದ ಚತುರ್ಮುಖ ಬಸದಿಯಿದೆ. ನಾಲ್ಕು ದಿಕ್ಕುಗಳಿಗೂ ಒಂದೇ ತೆರನಾದ ಬಾಗಿಲು, ಯಾವ ಬಾಗಿಲಿನಿಂದ ಇಣುಕಿದರೂ ಅರ, ಮಲ್ಲಿ, ಮುನಿಸುವ್ರತರೆಂಬ ಮೂವರು ತೀರ್ಥಂಕರರ ದರ್ಶನ; ಬಿಸಿಲೇರಿದ ಹೊತ್ತಿನಲ್ಲಿಯೂ ಆ ಕಲ್ಲಿನ ಮೊಗಸಾಲೆಯಲ್ಲಿ ಕಾಲಿಗೆ ತಂಪು ತಗಲುತ್ತದೆ. ಅಲ್ಲಿಂದ ಮುಂದೆ ಮೂಡಬಿದಿರೆಗೆ ಅರ್ಧ ಗಂಟೆಯ ಹಾದಿ. 1430ರ ಸಾವಿರ ಕಂಬದ ಬಸದಿಯ ಕೆತ್ತನೆಗಳನ್ನು ಅವಸರವಿಲ್ಲದೆ ನೋಡಲು ಮಧ್ಯಾಹ್ನವೆಲ್ಲ ಬೇಕಾಗುತ್ತದೆಯಾದ್ದರಿಂದ, ಆ ದಿನಕ್ಕೆ ಮೂರನೆಯ ಊರನ್ನು ಸೇರಿಸುವುದು ವಿವೇಕವಲ್ಲ.

ಮೂರನೆಯ ದಿನ ಪೂರ್ವಕ್ಕೆ, ಘಟ್ಟದ ಕಡೆಗೆ. ಹೆಬ್ರಿಯ ಸಮೀಪದ ವರಂಗದಲ್ಲಿ ಕೆರೆಯ ನಡುವೆ ಬಸದಿಯೊಂದಿದ್ದು, ಅದಕ್ಕೆ ದೋಣಿಯೊಂದೇ ದಾರಿ. ಸೋಮೇಶ್ವರವನ್ನು ದಾಟಿದೊಡನೆ ಕಾಡು ದಟ್ಟವಾಗಿ, ಹಿಮ್ಮುರಿ ತಿರುವುಗಳ ರಸ್ತೆ ಆಗುಂಬೆಗೆ ಏರುತ್ತದೆ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಊರಿನ ಸೂರ್ಯಾಸ್ತ ಪ್ರಸಿದ್ಧವಾದುದೇ ಸರಿ. ಆದರೆ ಅದಕ್ಕಾಗಿ ಕಾದವರು ಕತ್ತಲಲ್ಲಿ ಘಟ್ಟವಿಳಿಯಬೇಕಾಗುವುದನ್ನು ಮೊದಲೇ ಲೆಕ್ಕಹಾಕಿ, ದಾರಿಯ ಪರಿಚಯವುಳ್ಳ ಚಾಲಕನನ್ನು ಗೊತ್ತುಮಾಡಿಕೊಂಡಿರಬೇಕು.

ಉತ್ತರದ ದಿಕ್ಕು ಎಲ್ಲಕ್ಕಿಂತ ಸುಲಭ. ಆಳುಪರ ರಾಜಧಾನಿಯಾಗಿದ್ದ ಬಾರ್ಕೂರು, ಒಂದು ಮಗ್ಗುಲಲ್ಲಿ ಕಡಲೂ ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕೆಯೂ ಹೆದ್ದಾರಿಯನ್ನು ಒತ್ತರಿಸಿಕೊಂಡಿರುವ ಮರವಂತೆ, ಇವೆರಡನ್ನೂ ನೋಡಿ ಊಟದ ಹೊತ್ತಿಗೆ ಕುಂದಾಪುರವನ್ನು ಸೇರಬಹುದು.

ಕಾಲನಿರ್ಣಯದ ಬಗ್ಗೆ ಒಂದು ಮಾತು. ಮಳೆಗಾಲದಲ್ಲಿ ದ್ವೀಪದ ದೋಣಿಗಳು ನಿಲ್ಲುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಯೂ ನಿಷಿದ್ಧವಾದುದರಿಂದ, ಬಂಗುಡೆ ಕಾಣೆಗಳ ಆಸೆಯಿಂದ ಬಂದವರಿಗೆ ಆಗ ನಿರಾಶೆಯೇ ಗತಿ. ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಅವಧಿ ಉತ್ತಮ. ನಾಲ್ಕು ದಿನಗಳು ದೊರೆತರೆ ನಾಲ್ಕು ದಿಕ್ಕುಗಳನ್ನೂ ನೋಡಿರಿ. ಎರಡೇ ದಿನಗಳಿದ್ದಲ್ಲಿ ದ್ವೀಪವೂ ಕಾರ್ಕಳವೂ ಸಾಕು, ಆಗುಂಬೆ ಮುಂದಿನ ಸಲಕ್ಕಿರಲಿ.