ಶಾಲಾ ಸಮವಸ್ತ್ರದ ಹೊರೆ: ಪೋಷಕರಿಗೂ ವರ್ತಕರಿಗೂ

ಪ್ರತಿವರ್ಷ ಮೇ ತಿಂಗಳ ಕೊನೆಯ ವಾರದಿಂದ ಜೂನ್ ನಡುಭಾಗದವರೆಗೆ ರಾಜ್ಯದ ಜವಳಿ ಅಂಗಡಿಗಳಲ್ಲಿ ಕಾಣುವ ಜನಸಂದಣಿ ಹಬ್ಬದ ವ್ಯಾಪಾರವನ್ನು ನೆನಪಿಸುತ್ತದೆ. ಆದರೆ ಹಬ್ಬದ ಬಟ್ಟೆಗೂ ಶಾಲೆಯ ಸಮವಸ್ತ್ರಕ್ಕೂ ಮುಖ್ಯವಾದ ಒಂದು ವ್ಯತ್ಯಾಸವಿದೆ. ಕೈಯಲ್ಲಿ ಹಣವಿಲ್ಲದ ವರ್ಷ ಹಬ್ಬದ ಖರೀದಿಯನ್ನು ಮುಂದೂಡಬಹುದು, ಇಲ್ಲವೇ ಅಗ್ಗದ ಬಟ್ಟೆಯಿಂದ ತೃಪ್ತಿಪಡಬಹುದು. ಸಮವಸ್ತ್ರದಲ್ಲಿ ಈ ಎರಡು ಸ್ವಾತಂತ್ರ್ಯಗಳೂ ಇಲ್ಲ. ಬಣ್ಣ, ಮಾದರಿ, ಜೊತೆಗಳ ಸಂಖ್ಯೆ, ಧರಿಸಿ ಬರಬೇಕಾದ ದಿನ ಎಲ್ಲವನ್ನೂ ಶಾಲೆ ನಿರ್ಧರಿಸುತ್ತದೆ. ಹಣವನ್ನು ಮಾತ್ರ ಪೋಷಕರು ತೆರುತ್ತಾರೆ. ಕೊಳ್ಳುವವನಿಗೆ ಆಯ್ಕೆಯಿಲ್ಲದ ಕಡೆ ಬೆಲೆ ಏರುವುದು ವ್ಯಾಪಾರದ ಹಳೆಯ ಅನುಭವ.

ಈ ಏರಿಕೆಯಿಂದ ಲಾಭ ಪಡೆಯುವವರು ವರ್ತಕರೇ ಎಂಬ ಭಾವನೆ ಸಾರ್ವಜನಿಕರಲ್ಲಿ ಬೇರೂರಿದೆ. ಆದರೆ ಲೆಕ್ಕವನ್ನು ಬಿಡಿಸಿ ನೋಡಿದರೆ, ಬೀದಿಯ ಜವಳಿ ವ್ಯಾಪಾರಿ, ಊರಿನ ದರ್ಜಿ, ಹತ್ತಿಪ್ಪತ್ತು ಯಂತ್ರಗಳನ್ನಿಟ್ಟುಕೊಂಡ ಸಿದ್ಧ ಉಡುಪು ತಯಾರಕ ಇವರೆಲ್ಲ ಈ ವ್ಯವಸ್ಥೆಯಲ್ಲಿ ಪೋಷಕರ ಸಾಲಿನಲ್ಲಿಯೇ ನಿಂತಿರುವುದು ಕಂಡುಬರುತ್ತದೆ.

ಖರ್ಚು ಬೆಳೆದ ಬಗೆ

ಬಡವ ಬಲ್ಲಿದ ಎಂಬ ಭೇದ ಮಕ್ಕಳ ಮೈಮೇಲೆ ಕಾಣಬಾರದು ಎಂಬುದೇ ಸಮವಸ್ತ್ರದ ಮೂಲ ಉದ್ದೇಶ. ಬಿಳಿ ಅಂಗಿ, ಖಾಕಿ ಅಥವಾ ನೀಲಿ ಚಡ್ಡಿ, ನೀಲಿ ಲಂಗ ಇದ್ದ ಕಾಲದಲ್ಲಿ ಬಟ್ಟೆಯನ್ನು ಯಾವ ಅಂಗಡಿಯಲ್ಲಾದರೂ ಮೀಟರ್ ಲೆಕ್ಕದಲ್ಲಿ ಕೊಂಡು, ಮನೆಯ ಹತ್ತಿರದ ದರ್ಜಿಯಿಂದ ಹೊಲಿಸುವ ಪದ್ಧತಿಯಿತ್ತು. ಅಂಚಿನಲ್ಲಿ ಎರಡಂಗುಲ ಮಡಿಕೆ ಬಿಡಿಸಿದರೆ ಮಗು ಬೆಳೆದಂತೆ ಬಿಚ್ಚಿಕೊಳ್ಳಬಹುದಾಗಿತ್ತು. ಅಣ್ಣನ ಅಂಗಿ ತಮ್ಮನಿಗೆ ಬರುತ್ತಿತ್ತು.

ಇಂದು ಅನೇಕ ಖಾಸಗಿ ಶಾಲೆಗಳ ಪಟ್ಟಿ ಉದ್ದವಾಗಿದೆ. ನಿತ್ಯದ ಸಮವಸ್ತ್ರ, ವಾರಕ್ಕೊಮ್ಮೆ ಬಿಳಿಯ ಉಡುಪು, ಗುಂಪಿನ ಬಣ್ಣದ ಟೀ ಶರ್ಟ್, ಕ್ರೀಡಾ ಪ್ಯಾಂಟ್, ಕಪ್ಪು ಮತ್ತು ಬಿಳಿ ಶೂಗಳು, ಟೈ, ಬೆಲ್ಟ್, ಲಾಂಛನವಿರುವ ಸಾಕ್ಸ್, ಸ್ವೆಟರ್ ಅಥವಾ ಬ್ಲೇಜರ್ ಎಲ್ಲವೂ ಅದರಲ್ಲಿ ಸೇರಿರುತ್ತವೆ. ಬಿಡಿಬಿಡಿಯಾಗಿ ಪ್ರತಿಯೊಂದರ ಬೆಲೆ ದೊಡ್ಡದಲ್ಲ. ಆದರೆ ಇವೆಲ್ಲ ಶಾಲಾ ಶುಲ್ಕ, ಪಠ್ಯಪುಸ್ತಕ, ವಾಹನದ ಬಾಡಿಗೆಗಳೊಂದಿಗೆ ಒಂದೇ ತಿಂಗಳಲ್ಲಿ ಬಂದು ಬೀಳುತ್ತವೆ. ತಿಂಗಳ ಸಂಬಳದ ಅಥವಾ ದಿನಗೂಲಿಯ ಕುಟುಂಬಕ್ಕೆ ಆ ತಿಂಗಳು ಸಾಲದ ತಿಂಗಳಾಗುತ್ತದೆ.

ಬಟ್ಟೆಯೇನೋ ದುಬಾರಿಯಲ್ಲ. ಸಮವಸ್ತ್ರದ ಶರ್ಟಿಂಗ್ ಬಹುಮಟ್ಟಿಗೆ ಪಾಲಿಯೆಸ್ಟರ್ ಮತ್ತು ಹತ್ತಿಯ ಮಿಶ್ರಣ. ಸೂಟಿಂಗ್ ಪಾಲಿಯೆಸ್ಟರ್ ಮತ್ತು ವಿಸ್ಕೋಸ್ ಮಿಶ್ರಣ. ರಾಜಸ್ಥಾನದ ಭಿಲ್ವಾರಾದಂತಹ ಕೇಂದ್ರಗಳಿಂದ ಸೂಟಿಂಗ್, ತಿರುಪ್ಪೂರಿನಿಂದ ಟೀ ಶರ್ಟ್, ಸೊಲ್ಲಾಪುರದಿಂದ ಸಿದ್ಧ ಸಮವಸ್ತ್ರ ಬರುತ್ತವೆ. ಈ ಕೇಂದ್ರಗಳಲ್ಲಿ ಪೈಪೋಟಿ ತೀವ್ರವಾಗಿದ್ದು ತಯಾರಕರ ಲಾಭಾಂಶ ತೆಳುವಾಗಿಯೇ ಇರುತ್ತದೆ. ಆದ್ದರಿಂದ ಬೆಲೆಯ ಏರಿಕೆಗೆ ಕಾರಣವನ್ನು ಮಗ್ಗದ ಬಳಿ ಹುಡುಕುವುದಕ್ಕಿಂತ ಶಾಲೆ ಮತ್ತು ಅಂಗಡಿಯ ನಡುವಣ ಒಪ್ಪಂದದಲ್ಲಿ ಹುಡುಕುವುದು ಸೂಕ್ತ.

ಕಮಿಷನ್ನಿನ ಲೆಕ್ಕ

ಒಂದೇ ಅಂಗಡಿಯಲ್ಲಿ ಕೊಳ್ಳಬೇಕೆಂದು ಸೂಚಿಸುವ ಶಾಲೆ, ಅದಕ್ಕೆ ಪ್ರತಿಯಾಗಿ ಮಾರಾಟದ ಮೇಲೆ ಪಾಲು ಕೇಳಿದರೆ ಬೆಲೆ ಹೇಗೆ ಬದಲಾಗುತ್ತದೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಬಟ್ಟೆ, ಹೊಲಿಗೆ, ಸಾಗಣೆ ಸೇರಿ ಒಂದು ಜೊತೆಗೆ 700 ರೂಪಾಯಿ ತಗಲುವುದೆಂದು ಭಾವಿಸಿದರೆ, ವರ್ತಕನು ಅಸಲಿನ ಮೇಲೆ ಶೇಕಡಾ 20ರಷ್ಟು ಇಟ್ಟುಕೊಂಡು ಅದನ್ನು 840 ರೂಪಾಯಿಗೆ ಮಾರಬಹುದು. ಮಾರಾಟದ ಬೆಲೆಯಲ್ಲಿ ಶೇಕಡಾ 20ನ್ನು ಶಾಲೆಗೆ ಕೊಡಬೇಕಾದರೆ, ಅದೇ 840 ಕೈಗೆ ಉಳಿಯಲು ಬೆಲೆಯನ್ನು 1,050 ರೂಪಾಯಿಗೆ ಏರಿಸಬೇಕಾಗುತ್ತದೆ. ಇಬ್ಬರು ಮಕ್ಕಳಿಗೆ ಮೂರು ಜೊತೆಯಂತೆ ಆರು ಜೊತೆ ಕೊಳ್ಳುವ ಕುಟುಂಬ, ತೆರಿಗೆ ಬಿಟ್ಟು, 1,260 ರೂಪಾಯಿ ಹೆಚ್ಚಾಗಿ ಕೊಡುತ್ತದೆ.

ಗಮನಿಸಬೇಕಾದುದೇನೆಂದರೆ, ಈ ಹೆಚ್ಚಳದಲ್ಲಿ ವರ್ತಕನಿಗೆ ಒಂದು ರೂಪಾಯಿಯೂ ಸಿಗಲಿಲ್ಲ. ಅಷ್ಟೇ ಅಲ್ಲ, ಹೊಸ ಅಪಾಯಗಳು ಅವನ ಪಾಲಿಗೆ ಬಂದವು. ಶಾಲೆಯ ಲಾಂಛನ ನೇಯ್ದ ಅಥವಾ ಮುದ್ರಿಸಿದ ದಾಸ್ತಾನನ್ನು ತಿಂಗಳುಗಳ ಮೊದಲೇ ಹಣ ಹೂಡಿ ಮಾಡಿಸಬೇಕು. ಮಳಿಗೆಯ ಬಂಡವಾಳ ಬೇಸಿಗೆಯುದ್ದಕ್ಕೂ ಅದರಲ್ಲಿ ಸಿಕ್ಕಿಬೀಳುತ್ತದೆ. ಮುಂದಿನ ವರ್ಷ ಆಡಳಿತ ಮಂಡಳಿ ಬೇರೆ ಅಂಗಡಿಯತ್ತ ತಿರುಗಿದರೆ, ಉಳಿದ ಸರಕು ಇನ್ನಾವ ಶಾಲೆಗೂ ಸಲ್ಲುವುದಿಲ್ಲ. ಒಪ್ಪಂದ ಸಿಕ್ಕದ ಉಳಿದ ವರ್ತಕರಿಗಂತೂ ಆ ಶಾಲೆಯ ನೂರಾರು ಗಿರಾಕಿಗಳು ಒಂದೇ ದಿನದಲ್ಲಿ ಇಲ್ಲವಾಗುತ್ತಾರೆ. ಕೆಲಸ ಬಲ್ಲ ದರ್ಜಿಗೆ ಪ್ಯಾಂಟಿನ ಉದ್ದ ಸರಿಪಡಿಸುವ ಕೂಲಿ ಮಾತ್ರ ಉಳಿಯುತ್ತದೆ.

ನಿಯಮ ಏನು ಹೇಳುತ್ತದೆ?

ಈ ವಿಷಯದಲ್ಲಿ ರಾಜ್ಯದ ಕಾನೂನು ಮೌನವಾಗಿಲ್ಲ. 1983ರ ಕರ್ನಾಟಕ ಶಿಕ್ಷಣ ಕಾಯಿದೆಯ ಅಡಿಯಲ್ಲಿ 1995ರಲ್ಲಿ ರೂಪಿಸಲಾದ ಶಿಕ್ಷಣ ಸಂಸ್ಥೆಗಳ ವರ್ಗೀಕರಣ ಮತ್ತು ನಿಯಂತ್ರಣ ನಿಯಮಗಳ 11ನೇ ನಿಯಮ ಸಮವಸ್ತ್ರಕ್ಕೆ ಸಂಬಂಧಿಸಿದೆ. ಅದರ ಸಾರಾಂಶ ಹೀಗಿದೆ:

1. ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆ ತನ್ನದೇ ಸಮವಸ್ತ್ರವನ್ನು ಗೊತ್ತುಪಡಿಸಬಹುದು. ಆದರೆ ಒಮ್ಮೆ ಗೊತ್ತುಪಡಿಸಿದ ಮೇಲೆ ಮುಂದಿನ 5 ವರ್ಷ ಅದನ್ನು ಬದಲಾಯಿಸುವಂತಿಲ್ಲ.
2. ಬದಲಾಯಿಸುವ ಉದ್ದೇಶವಿದ್ದರೆ ಕನಿಷ್ಠ 1 ವರ್ಷ ಮುಂಚಿತವಾಗಿ ಪೋಷಕರಿಗೆ ತಿಳಿಸಬೇಕು.
3. ಶಾಲೆಯಿಂದ ಅಥವಾ ಶಾಲೆ ಸೂಚಿಸಿದ ಅಂಗಡಿಯಿಂದ ಕೊಳ್ಳುವುದು, ಶಾಲೆ ಸೂಚಿಸಿದ ದರ್ಜಿಯಿಂದ ಹೊಲಿಸುವುದು ವಿದ್ಯಾರ್ಥಿಯ ಅಥವಾ ಪೋಷಕರ ಇಚ್ಛೆಗೆ ಬಿಟ್ಟದ್ದು.

ಮೂರನೆಯ ಅಂಶ ಪೋಷಕರ ಹಕ್ಕನ್ನು ಹೇಳುವಂತೆ ಕಂಡರೂ ಅದರೊಳಗೆ ವರ್ತಕರ ಹಕ್ಕೂ ಅಡಗಿದೆ. ಪೋಷಕರಿಗೆ ಎಲ್ಲಿಯಾದರೂ ಕೊಳ್ಳುವ ಸ್ವಾತಂತ್ರ್ಯವಿದೆಯೆಂದರೆ, ಯಾವ ವರ್ತಕನಾದರೂ ಮಾರಲು ಅವಕಾಶವಿದೆಯೆಂದೇ ಅರ್ಥ. ಮೊದಲೆರಡು ಅಂಶಗಳು ದಾಸ್ತಾನಿಗೆ 5 ವರ್ಷದ ಭರವಸೆಯನ್ನೂ ಒಂದು ವರ್ಷದ ಮುನ್ಸೂಚನೆಯನ್ನೂ ಕೊಡುತ್ತವೆ. ಬೇರೆ ಯಾವ ಜವಳಿ ವ್ಯಾಪಾರದಲ್ಲಿ ಇಂತಹ ಭರವಸೆ ದೊರೆಯುತ್ತದೆ? ಆದರೂ ಈ ನಿಯಮವನ್ನು ಓದಿರುವ ವರ್ತಕರು ವಿರಳ.

ಇಂಗ್ಲೆಂಡಿನಲ್ಲಿ ಸಮವಸ್ತ್ರದ ವೆಚ್ಚವನ್ನು ಕುರಿತು ಪ್ರತ್ಯೇಕ ಕಾಯಿದೆ ಬಂದದ್ದು 2021ರಲ್ಲಿ. ಅದರ ಮೇರೆಗೆ ಹೊರಟ ಮಾರ್ಗಸೂಚಿಯು ಲಾಂಛನವಿರುವ ಉಡುಪುಗಳನ್ನು ಕನಿಷ್ಠಗೊಳಿಸಬೇಕೆಂದೂ, ಪೂರೈಕೆಯ ಗುತ್ತಿಗೆಗೆ ಕನಿಷ್ಠ 5 ವರ್ಷಕ್ಕೊಮ್ಮೆ ಹೊಸದಾಗಿ ಟೆಂಡರ್ ಕರೆಯಬೇಕೆಂದೂ ಹೇಳುತ್ತದೆ. ಅಲ್ಲಿಯೂ ಇಲ್ಲಿಯೂ ಕಾಯಿಲೆ ಒಂದೇ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ತೆರಿಗೆಯ ಪಾತ್ರ

2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಯಾದಾಗ 1,000 ರೂಪಾಯಿವರೆಗಿನ ಉಡುಪಿಗೆ ಶೇಕಡಾ 5, ಅದಕ್ಕೂ ಮೇಲ್ಪಟ್ಟ ಬೆಲೆಯದಕ್ಕೆ ಶೇಕಡಾ 12ರ ದರವಿತ್ತು. 2022ರ ಜನವರಿಯಿಂದ 1,000 ರೂಪಾಯಿವರೆಗಿನ ಪಾದರಕ್ಷೆಗಳ ದರ ಶೇಕಡಾ 5ರಿಂದ 12ಕ್ಕೆ ಏರಿತು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪು ಮತ್ತು ಪಾದರಕ್ಷೆಗಳೆರಡಕ್ಕೂ ಶೇಕಡಾ 5ರ ದರ ಅನ್ವಯವಾಯಿತು. ಇದರಿಂದ 800 ರೂಪಾಯಿ ಮೂಲ ಬೆಲೆಯ ಶೂ 896ರ ಬದಲು 840 ರೂಪಾಯಿಗೆ, 1,500 ರೂಪಾಯಿಯ ಬ್ಲೇಜರ್ 1,680ರ ಬದಲು 1,575 ರೂಪಾಯಿಗೆ ದೊರೆಯಬೇಕು. ಇದು ಸ್ವಾಗತಾರ್ಹ. ಆದರೆ ನಿತ್ಯದ ಅಂಗಿ, ಚಡ್ಡಿ, ಲಂಗಗಳು ಮೊದಲಿನಿಂದಲೂ ಶೇಕಡಾ 5ರಲ್ಲಿಯೇ ಇದ್ದುದರಿಂದ ಅವುಗಳ ಬೆಲೆಯಲ್ಲಿ ಈ ಕಡಿತ ಕಾಣುವುದಿಲ್ಲ. ತೆರಿಗೆಯಲ್ಲಿ ಉಳಿದ ನೂರು ರೂಪಾಯಿಗಿಂತ, ಮೇಲಿನ ಉದಾಹರಣೆಯಲ್ಲಿ ಒಂದೊಂದು ಜೊತೆಯ ಕಮಿಷನ್ನಿಗೆ ಹೋದ 210 ರೂಪಾಯಿಯೇ ಕುಟುಂಬಕ್ಕೆ ಭಾರವಾದದ್ದು.

ಸರ್ಕಾರಿ ಶಾಲೆಗಳ ಬೇಡಿಕೆ

ಸರ್ಕಾರಿ ಶಾಲೆಗಳ ಮಕ್ಕಳಿಗೆ ರಾಜ್ಯದ ವಿದ್ಯಾವಿಕಾಸ ಯೋಜನೆ ಮತ್ತು ಕೇಂದ್ರದ ನೆರವಿನಿಂದ ಉಚಿತ ಸಮವಸ್ತ್ರ ದೊರೆಯುತ್ತಿದೆ. 2018ರಲ್ಲಿ ಸಮಗ್ರ ಶಿಕ್ಷಾ ಯೋಜನೆ ಆರಂಭವಾದಾಗ ಎರಡು ಜೊತೆಗೆ ಪ್ರತಿ ಮಗುವಿಗೆ ವರ್ಷಕ್ಕೆ ನಿಗದಿಯಾಗಿದ್ದ ಮೊತ್ತ 400ರಿಂದ 600 ರೂಪಾಯಿಗೆ ಏರಿತು. ಎರಡು ಜೊತೆ ಸಮವಸ್ತ್ರ, ಶೂ ಮತ್ತು ಸಾಕ್ಸ್‌ಗಳನ್ನು ಒದಗಿಸಬೇಕೆಂದು ಕರ್ನಾಟಕ ಹೈಕೋರ್ಟ್ 2019ರಲ್ಲಿ ಆದೇಶಿಸಿತು. ಸಮವಸ್ತ್ರವನ್ನು ಬಟ್ಟೆಯ ರೂಪದಲ್ಲಿ ಕೊಟ್ಟಾಗ ಹೊಲಿಗೆಯ ಕೂಲಿ ಪೋಷಕರ ಮೇಲೆ ಬೀಳುತ್ತದೆ ಎಂಬುದನ್ನೂ ಮರೆಯಬಾರದು.

ಈ ಬಟ್ಟೆಯ ಪೂರೈಕೆಯಲ್ಲಿ ಹುಬ್ಬಳ್ಳಿಯ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ ನೇಕಾರರು ಪಾಲು ಪಡೆದಿದ್ದಾರೆ. ಶೂಗಳ ವಿಷಯದಲ್ಲಿ ಅನುಸರಿಸಿದ ಕ್ರಮ ಸಣ್ಣ ವರ್ತಕರಿಗೆ ಇನ್ನೂ ಹತ್ತಿರವಾದುದು. 2022ರಲ್ಲಿ 1ರಿಂದ 5ನೇ ತರಗತಿಗೆ 265, 6ರಿಂದ 8ಕ್ಕೆ 295, 9 ಮತ್ತು 10ಕ್ಕೆ 325 ರೂಪಾಯಿಯಂತೆ ಒಂದು ಜೊತೆ ಶೂ ಹಾಗೂ ಎರಡು ಜೊತೆ ಸಾಕ್ಸ್‌ಗೆ ದರ ಗೊತ್ತುಪಡಿಸಿ, ಖರೀದಿಯನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿಗೆ ವಹಿಸಲಾಯಿತು. ದರ ಬಿಗಿಯಾಗಿದ್ದರೂ ಬೇಡಿಕೆ ಊರಿನಲ್ಲಿಯೇ ಉಳಿಯಿತು. ಹಲವು ಶಾಲೆಗಳ ಸಮಿತಿಗಳಿಂದ ಅಳತೆಗಳನ್ನು ಮೊದಲೇ ಪಡೆದು ಒಟ್ಟಾಗಿ ಸಗಟು ಖರೀದಿ ಮಾಡುವ ವರ್ತಕನಿಗೆ ಇಂತಹ ದರದಲ್ಲಿಯೂ ವ್ಯಾಪಾರ ಗಿಟ್ಟಬಹುದು.

ವರ್ತಕರ ಮುಂದಿರುವ ದಾರಿ

ಸಮವಸ್ತ್ರವನ್ನು ಮುಕ್ತ ಮಾರುಕಟ್ಟೆಯ ಸರಕನ್ನಾಗಿ ಮಾಡುವುದು ಪೋಷಕರಿಗೂ ವರ್ತಕರಿಗೂ ಹಿತಕರ. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಶಾಲೆಗಳು ಬಟ್ಟೆಯ ಮಿಶ್ರಣ, ಬಣ್ಣದ ಛಾಯೆ, ಮಾದರಿ ಇವುಗಳ ವಿವರವನ್ನು ಸೂಚನಾ ಫಲಕದಲ್ಲಿ ಪ್ರಕಟಿಸಿ, ಒಂದು ನಮೂನೆಯ ತುಂಡನ್ನು ಕಚೇರಿಯಲ್ಲಿ ಇಟ್ಟರೆ ಸಾಕು. ಲಾಂಛನವನ್ನು ಪ್ರತ್ಯೇಕ ಪಟ್ಟಿಯಾಗಿ ಕೊಟ್ಟರೆ ಅದನ್ನು ಯಾವ ಅಂಗಿಯ ಜೇಬಿಗಾದರೂ ಹೊಲಿಯಬಹುದು. ಆಗ ಒಂದು ಶಾಲೆಗೆ ತಂದು ಉಳಿದ ಬೂದು ಬಣ್ಣದ ಪ್ಯಾಂಟು, ಬಿಳಿಯ ಅಂಗಿ ಇನ್ನೊಂದು ಶಾಲೆಯ ಮಗುವಿಗೆ ಮಾರಾಟವಾಗುತ್ತದೆ; ದಾಸ್ತಾನು ಸಾಯುವುದಿಲ್ಲ.

ಇದರಲ್ಲಿ ಒಂದು ನಿಜವಾದ ತೊಡಕಿದೆ. ಬೇರೆ ಬೇರೆ ಸಲ ಬಣ್ಣ ಹಾಕಿದ ಥಾನುಗಳ ನಡುವೆ ಛಾಯೆಯ ವ್ಯತ್ಯಾಸ ಬರುತ್ತದೆ. ಅಗ್ಗದ ಬಟ್ಟೆ ಕೆಲವು ಒಗೆತಗಳಲ್ಲಿಯೇ ಬಣ್ಣ ಬಿಡುತ್ತದೆ. ಶಾಲೆಗಳು ಒಂದೇ ಅಂಗಡಿಯನ್ನು ಬಯಸಲು ಕೊಡುವ ಕಾರಣವೂ ಇದೇ. ಇದಕ್ಕೆ ಉತ್ತರ ವರ್ತಕರ ಕೈಯಲ್ಲಿಯೇ ಇದೆ. ಒಂದು ಪಟ್ಟಣದ ವರ್ತಕರು ಸೇರಿ, ಡಿಸೆಂಬರ್ ಅಥವಾ ಜನವರಿಯಲ್ಲಿಯೇ ಒಂದೇ ಗಿರಣಿಗೆ ಒಟ್ಟಾಗಿ ಬೇಡಿಕೆ ಸಲ್ಲಿಸಿದರೆ ಛಾಯೆ ಒಂದೇ ಇರುತ್ತದೆ, ದರವೂ ಇಳಿಯುತ್ತದೆ. ಜಿಲ್ಲಾ ವಾಣಿಜ್ಯ ಸಂಸ್ಥೆಗಳು ಇಂತಹ ಸಂಯುಕ್ತ ಖರೀದಿಗೆ ವೇದಿಕೆ ಒದಗಿಸಬಹುದು. ಶಾಲಾ ಆಡಳಿತ ಮಂಡಳಿಗಳೊಂದಿಗೆ ಮಾತುಕತೆ ನಡೆಸಿ 11ನೇ ನಿಯಮದ ಪಾಲನೆಯನ್ನು ಸೌಜನ್ಯದಿಂದಲೇ ಕೇಳಬಹುದು.

ಅಂಗಡಿಯ ಮಟ್ಟದಲ್ಲಿಯೂ ಮಾಡಬಹುದಾದುದಿದೆ. ಏಪ್ರಿಲ್‌ನಲ್ಲಿ ಮುಂಗಡ ಕೊಟ್ಟವರಿಗೆ ರಿಯಾಯಿತಿ, ಎರಡು ಮೂರು ಕಂತುಗಳಲ್ಲಿ ಪಾವತಿ, ಮಡಿಕೆ ಬಿಟ್ಟ ಹೊಲಿಗೆ, ವರ್ಷದ ನಡುವೆ ಉಚಿತವಾಗಿ ಉದ್ದ ಸರಿಪಡಿಸುವ ಸೌಲಭ್ಯ ಇವು ಗಿರಾಕಿಯನ್ನು ಹಿಡಿದಿಡುವ ಕ್ರಮಗಳು. ಒಪ್ಪಂದದಿಂದ ಬಂದ ಗಿರಾಕಿ ಒಪ್ಪಂದ ಮುಗಿದೊಡನೆ ಹೋಗುತ್ತಾನೆ. ನ್ಯಾಯವಾದ ಬೆಲೆಗೆ ಬಾಳಿಕೆಯ ಬಟ್ಟೆ ಕೊಟ್ಟ ಅಂಗಡಿಗೆ ಒಂದನೇ ತರಗತಿಯಲ್ಲಿ ಬಂದ ಕುಟುಂಬ ಹತ್ತನೇ ತರಗತಿಯವರೆಗೂ ಬರುತ್ತದೆ. ಮದುವೆ, ಹಬ್ಬಗಳ ಜವಳಿಗೂ ಅಲ್ಲಿಗೇ ಬರುತ್ತದೆ. ಮುಂದಿನ ಜೂನ್ ವ್ಯಾಪಾರದ ಬೇಡಿಕೆಯನ್ನು ಗಿರಣಿಗೆ ಕಳುಹಿಸುವ ಮುನ್ನ ವರ್ತಕರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡುವುದು ಒಳಿತು.