ಡೊಂಬಿವಲಿಯ ಮಣ್ಣಿಗೊಂದು ತಂತಿ

ಮುಂಬಯಿ ಹೊರವಲಯದ ಡೊಂಬಿವಲಿ ಪೂರ್ವದ ಹಳೆಯ ಸೊಸೈಟಿಗಳಲ್ಲಿ ನೆಲಮಹಡಿಯ ಮನೆಯೆಂದರೆ ಯಾರೂ ಮೂಸಿ ನೋಡುವುದಿಲ್ಲ. ಜೂನ್ ಬಂದರೆ ಗೋಡೆಗೆ ತೇವ, ಜುಲೈಯಲ್ಲಿ ಹೊಸ್ತಿಲವರೆಗೆ ನೀರು, ವರ್ಷವಿಡೀ ಸೊಳ್ಳೆ. ಆದರೆ ಅಡಿಗೆಮನೆಯ ಕಿಟಕಿಯಾಚೆ, ಕಟ್ಟಡಕ್ಕೂ ಕಂಪೌಂಡ್ ಗೋಡೆಗೂ ನಡುವೆ, ಕಟ್ಟಡದ ಉದ್ದಕ್ಕೂ ಒಂದು ಮಣ್ಣಿನ ಪಟ್ಟಿ ಇದೆ. ಅದರಲ್ಲಿ ಒಂದು ಕರಿಬೇವು, ಎರಡು ದಾಸವಾಳ, ಯಾರೋ ಊರಿನಿಂದ ತಂದು ನೆಟ್ಟ ಕೆಸು. ಈ ಪಟ್ಟಿಯನ್ನು ಕಂಡೇ ನಾನು ಈ ಮನೆ ಹಿಡಿದದ್ದು. ಉದ್ದ ತರಂಗಗಳಲ್ಲಿ, ಕೆಳಗಿನ ಕಂಪನಾಂಕದಲ್ಲಿ, ಮನೆಯಿಂದಲೇ ಪ್ರಸಾರ ಮಾಡುವ ಹ್ಯಾಮ್, ಅಂದರೆ ಹವ್ಯಾಸಿ, ರೇಡಿಯೋ ಕೇಂದ್ರ ಕಟ್ಟಬೇಕೆಂದರೆ ಮೊದಲು ಬೇಕಾದದ್ದು ಮಣ್ಣು. ಆಂಟೆನಾದ ಅರ್ಧ ಭಾಗ ಗಾಳಿಯಲ್ಲಿ ನೇತಾಡುತ್ತದೆ, ಉಳಿದರ್ಧ ಭೂಮಿಯೊಳಗಿರುತ್ತದೆ. ಘೋಡಬಂದರ್ ರಸ್ತೆಯ ಮೂವತ್ತು ಮಾಳಿಗೆಯ ಗೋಪುರದಲ್ಲಿರುವವರಿಗೆ ಮೇಲಿನ ಅರ್ಧ ಸಿಕ್ಕೀತು, ಕೆಳಗಿನದ್ದು ಎಷ್ಟು ದುಡ್ಡು ಕೊಟ್ಟರೂ ಸಿಗದು.

ನಮ್ಮ ದೇಶದ ಹವ್ಯಾಸಿಗಳಿಗೆ ಹಿಂದಿನಿಂದಲೂ ಕೊಟ್ಟಿರುವ ಕೆಳತುದಿಯ ಪಟ್ಟಿ 1820 ರಿಂದ 1860 ಕಿಲೋಹರ್ಟ್ಸ್. ಹಳೆಯ ರೇಡಿಯೋದ ಮೀಡಿಯಂ ವೇವ್ ಮುಳ್ಳು ಬಲತುದಿ ಮುಟ್ಟಿದ ಮೇಲೆ, ಅಲ್ಲಿಂದ ತುಸು ಆಚೆ. ಹ್ಯಾಮ್‌ಗಳ ಮಾತಿನಲ್ಲಿ ಅದು 160 ಮೀಟರ್. 1840 ಕಿಲೋಹರ್ಟ್ಸ್‌ನಲ್ಲಿ ಅಲೆಯ ಉದ್ದ 163 ಮೀಟರ್. ಅದರ ಕಾಲು ಪಾಲಿನ ತಂತಿ ನೆಟ್ಟಗೆ ನಿಂತರೆ ಒಳ್ಳೆಯ ಆಂಟೆನಾ, ಅಂದರೆ ಸುಮಾರು 41 ಮೀಟರ್. ನಮ್ಮ ಕಟ್ಟಡಕ್ಕೆ ನಾಲ್ಕೇ ಮಾಳಿಗೆ. ನೀರಿನ ಟಾಂಕಿಯನ್ನು ಸೇರಿಸಿದರೂ ಎತ್ತರ 16 ಮೀಟರ್ ದಾಟದು. ಹಾಗಾಗಿ ತಂತಿ ಮಣ್ಣಿನ ಪಟ್ಟಿಯಿಂದ ಹೊರಟು, ಗೋಡೆಯಿಂದ ಒಂದು ಮಾರು ದೂರದಲ್ಲಿ ನೆಟ್ಟಗೆ ಮೇಲೇರಿ, ಟಾಂಕಿಯ ತಲೆಯಲ್ಲಿ ಮಡಿಸಿಕೊಂಡು, ಮಿಕ್ಕ 25 ಮೀಟರ್ ಟೆರೇಸಿನ ಮೇಲೆ ಅಡ್ಡಕ್ಕೆ ಓಡಿ ಮೆಟ್ಟಿಲಿನ ಕೋಣೆಯ ತುದಿ ಸೇರುತ್ತದೆ. ತಲೆಕೆಳಗಾದ ಇಂಗ್ಲಿಷಿನ ಎಲ್ ಅಕ್ಷರ.

ಅದನ್ನು ಕಟ್ಟಿದ್ದು ಒಂದು ಭಾನುವಾರ ಬೆಳಿಗ್ಗೆ. ಟೆರೇಸಿನಲ್ಲಿ ಹಪ್ಪಳ, ಸಂಡಿಗೆ, ಯಾರದೋ ಮನೆಯ ಗೋಧಿ ಒಣಗುತ್ತಿತ್ತು. ಬಿದಿರಿನ ಗಳು, ಕಂಬದ ಸ್ಟೇ ತಂತಿಗೆ ಹಾಕುವ ಪಿಂಗಾಣಿಯ ಮೊಟ್ಟೆ ಇನ್ಸುಲೇಟರ್, ನೈಲಾನ್ ಹಗ್ಗ, ಒಂದು ಸುರುಳಿ ತಾಮ್ರದ ತಂತಿ ಇಷ್ಟೇ ಸಾಮಾನು. ತಂಗಿಯ ಮಗಳು ಟಾಂಕಿಯ ಏಣಿ ಹತ್ತಿ ಹಗ್ಗ ಹಿಡಿದಿದ್ದಳು. "ಮಾವ, ಬಿಗಿ ಸಾಕಾ? ಇನ್ನೂ ಎಳೀಬೇಕಾ?" "ಸಾಕು ಮಗಾ, ಸ್ವಲ್ಪ ಜೋಲಲಿ. ಗಾಳಿಗೆ ಬಿದಿರು ಬಾಗಿದರೆ ತಂತಿ ತುಂಡಾಗಬಾರದು." ಸೊಸೈಟಿಯ ಸೆಕ್ರೆಟರಿ ಬನಿಯನ್ನಿನಲ್ಲೇ ಮೇಲೆ ಬಂದರು. ಪರವಾನಗಿಯ ಜೆರಾಕ್ಸನ್ನು ಅವರಿಗೆ ಮೊದಲೇ ಕೊಟ್ಟಿದ್ದೆ, ಸಭೆಯ ಒಪ್ಪಿಗೆಯೂ ಆಗಿತ್ತು. ಆದರೂ ಅವರ ಮುಖದಲ್ಲೊಂದು ಪ್ರಶ್ನೆ ಉಳಿದಿತ್ತು. "ಕಾಕಾ, ವೀಜ್ ಪಡಣಾರ್ ನಾಹೀ ನಾ?" ಸಿಡಿಲು ಬೀಳುವುದಿಲ್ಲ ತಾನೇ? ಕೇಳಲೇಬೇಕಾದ ಪ್ರಶ್ನೆ. ಅವರನ್ನು ಕೆಳಗೆ ಕರೆದೊಯ್ದು ಕಿಟಕಿಯ ಹೊರಗಿನ ಪೆಟ್ಟಿಗೆ ತೋರಿಸಿದೆ. ಅದರಲ್ಲಿ ತಾಮ್ರದ ಅಲಗಿನ ದೊಡ್ಡ ಸ್ವಿಚ್ ಇದೆ. ಅಲಗು ಮೇಲಿದ್ದರೆ ತಂತಿ ರೇಡಿಯೋಕ್ಕೆ, ಕೆಳಗಿದ್ದರೆ ನೇರ ಮಣ್ಣಿಗೆ. ರೇಡಿಯೋದ ಮುಂದೆ ನಾನಿಲ್ಲದಾಗ ಅಲಗು ಯಾವತ್ತೂ ಕೆಳಗೆ. ಮೇ ತಿಂಗಳ ಕೊನೆಗೂ ಅಕ್ಟೋಬರಿನಲ್ಲೂ ಮಲಂಗಗಡದ ಕಡೆ ಮೋಡ ಕಪ್ಪಾದರೆ ಆ ದಿನ ರೇಡಿಯೋ ಮುಟ್ಟುವುದೇ ಇಲ್ಲ.

ಇನ್ನು ಮಣ್ಣಿನ ಕೆಲಸ. ಅಗೆದರೆ ಒಂದು ಗೇಣು ಕಪ್ಪು ಮಣ್ಣು, ಅದರ ಕೆಳಗೆ ಮುರುಮ, ಮುರುಮದ ಕೆಳಗೆ ಹಾರೆಯನ್ನೇ ಹಿಂದಕ್ಕೆ ತಳ್ಳುವ ಕರಿಕಲ್ಲು. ಕೋಟ್ಯಂತರ ವರ್ಷಗಳ ಹಿಂದೆ ಲಾವಾ ಹರಿದು ಹೆಪ್ಪುಗಟ್ಟಿದ ದಖ್ಖನಿನ ಬಸಾಲ್ಟ್ ಅದು. ಮನೆಗೆ ಅರ್ಥಿಂಗ್ ಹಾಕುವ ಇಲೆಕ್ಟ್ರಿಷಿಯನ್ ಆಳಕ್ಕೆ ಹೋಗುತ್ತಾನೆ: ಗುಂಡಿ, ಇದ್ದಿಲು, ಉಪ್ಪು, ತಾಮ್ರದ ಪಟ್ಟಿ. ಸಿಡಿಲಿಗೂ ಶಾಕಿಗೂ ಅದು ಬೇಕೇ ಬೇಕು. ರೇಡಿಯೋದ ಕರೆಂಟು ಮಾತ್ರ ಆಳಕ್ಕಿಳಿಯುವುದಿಲ್ಲ. ಅದು ಮೇಲಿನ ಕೆಲವು ಮೀಟರ್ ಮಣ್ಣಿನಲ್ಲೇ ಸುಳಿದಾಡಿ ಆಂಟೆನಾದ ಬುಡಕ್ಕೆ ಮರಳಬೇಕು. ಆದ್ದರಿಂದ ನಾವು ಅಗಲಕ್ಕೆ ಹೋಗಬೇಕು. ಆಂಟೆನಾದ ಬುಡದಿಂದ ನಾಲ್ಕು ದಿಕ್ಕಿಗೂ ತಾಮ್ರದ ತಂತಿಗಳನ್ನು ಎರಡು ಬೆರಳು ಆಳದಲ್ಲಿ ಹೂಳಬೇಕು. ನಮಗೆ ದಿಕ್ಕು ಎರಡೇ, ಕಂಪೌಂಡಿನ ಉದ್ದಕ್ಕೆ ಎಡ ಮತ್ತು ಬಲ. ದಾಸವಾಳದ ಬೇರು ಬಳಸಿ, ಚರಂಡಿಯ ಚಪ್ಪಡಿಯ ಸಂದಿನಲ್ಲಿ ತೂರಿಸಿ, ವಾಚ್‌ಮನ್ ಕ್ಯಾಬಿನ್ನಿನ ಹಿಂದಿನಿಂದ ಸುತ್ತಿಸಿ ಒಂದೊಂದೇ ತಂತಿ ಎಳೆದೆವು. ಒಂದೊಂದು ತಂತಿ ಸೇರಿದಂತೆಲ್ಲ ಮೀಟರಿನಲ್ಲಿ ಆಂಟೆನಾದ ಬುಡದ ರೋಧ ಇಳಿಯುತ್ತಾ ಹೋಯಿತು. ಆ ಇಳಿಕೆಯೇ ಲಾಭ. ಮಣ್ಣಿನಲ್ಲಿ ಬಿಸಿಯಾಗಿ ಪೋಲಾಗುತ್ತಿದ್ದ ಶಕ್ತಿ ಆಕಾಶದ ಪಾಲಾಗುತ್ತಿದೆ ಎಂದು ಅದರ ಅರ್ಥ. ಕಬ್ಬಿಣದ ಸಲಾಕೆ ತುಂಬಿದ ಕಾಂಕ್ರೀಟ್ ಗೋಡೆ ಪಕ್ಕದಲ್ಲೇ ನಿಂತು ತನ್ನ ಪಾಲು ಕಸಿಯುತ್ತದೆ, ಅದಕ್ಕೆ ಮದ್ದಿಲ್ಲ. ಮಣ್ಣಿಗೆ ಮಾತ್ರ ಋತುವಿದೆ. ಮೇ ತಿಂಗಳಲ್ಲಿ ಬಿರುಕು ಬಿಟ್ಟ ನೆಲಕ್ಕೆ ಹೊಂದಿಸಿದ ಆಂಟೆನಾ ಜುಲೈಯ ಮಳೆಯಲ್ಲಿ ಬೇರೆಯೇ ಜಾಗದಲ್ಲಿ ಶ್ರುತಿ ಹಿಡಿಯುತ್ತದೆ. ನೆಲಮಹಡಿಯವರೆಲ್ಲ ಬೈಯುವ ಆ ತೇವ ನನ್ನ ಕೇಂದ್ರಕ್ಕೆ ವರ.

ಟ್ರಾನ್ಸ್‌ಮೀಟರಿನ ಸಾಮಾನಿಗೆ ಲ್ಯಾಮಿಂಗ್ಟನ್ ರಸ್ತೆ. ದಾದರದಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿನಲ್ಲಿ ಇಳಿದರೆ ಸಾಲುಸಾಲು ಅಂಗಡಿ. ಗಾಜಿನ ಕಪಾಟಿನ ಹಿಂದಿನ ಹುಡುಗ ನಂಬರ್ ಹೇಳಿದರೆ ಸಾಕು, ಡ್ರಾಯರ್ ಎಳೆಯುತ್ತಾನೆ. ಐಆರ್‌ಎಫ್510 ಎಂಬ ಟ್ರಾನ್ಸಿಸ್ಟರ್ ಕೇಳಿದರೆ ಹ್ಯಾಮ್ ಬಂದಿದ್ದಾನೆ ಎಂದು ಕೆಲವರಿಗೆ ಗೊತ್ತಾಗುತ್ತದೆ. ಸ್ವಿಚಿಂಗ್ ಸರ್ಕ್ಯೂಟುಗಳಿಗಾಗಿ ಹುಟ್ಟಿದ ಅಗ್ಗದ ಬಿಡಿಭಾಗ ಅದು, ಜಗತ್ತಿನ ಹವ್ಯಾಸಿಗಳೆಲ್ಲ ಅದನ್ನು ರೇಡಿಯೋಕ್ಕೆ ದುಡಿಸುತ್ತಾರೆ. ಹೈದರಾಬಾದಿನ ಅಶ್ಹರ್ ಫರ್ಹಾನ್ 2003 ರಲ್ಲಿ ರೂಪಿಸಿದ ಬಿಟೆಕ್ಸ್ ಎಂಬ ರೇಡಿಯೋದ ಕೊನೆಯ ಹಂತದಲ್ಲೂ ಇದೇ ಕೂತಿದೆ. ವಿದೇಶದ ಫೆರೈಟ್ ಉಂಗುರ ಸಿಗದವರು ನಲ್ಲಿಯ ವಾಷರಿಗೆ ತಂತಿ ಸುತ್ತಿಕೊಳ್ಳಿ ಎಂದು ತೋರಿಸಿಕೊಟ್ಟ ವಿನ್ಯಾಸ ಅದು. ಆ ಒಂದು ವಾಷರ್ ನಮ್ಮ ದೇಶದ ಎಷ್ಟೋ ಹುಡುಗರ ಕೈಗೆ ಬೆಸುಗೆ ಕಡ್ಡಿ ಕೊಟ್ಟಿತು. ಇದಕ್ಕಿಂತ ದೊಡ್ಡ ಉಪಕಾರ ಹವ್ಯಾಸಿ ರೇಡಿಯೋಕ್ಕೆ ಇಲ್ಲಿ ಯಾರಿಂದಲೂ ಆಗಿಲ್ಲ ಎಂಬುದು ನನ್ನ ಅಭಿಪ್ರಾಯ.

ನಮ್ಮ ಊಟದ ಮೇಜಿನ ಒಂದು ತುದಿ ಈಗ ಕಾರ್ಖಾನೆ. ಎರಡು ಟ್ರಾನ್ಸಿಸ್ಟರುಗಳನ್ನು ಅಲ್ಯೂಮಿನಿಯಂ ಹೀಟ್‌ಸಿಂಕಿಗೆ ಬಿಗಿಯಬೇಕು. ಅವುಗಳ ಲೋಹದ ಬೆನ್ನು ಹೀಟ್‌ಸಿಂಕಿಗೆ ತಾಗಿದರೆ ಶಾರ್ಟ್. ನಡುವೆ ಉಗುರಿನಷ್ಟು ತೆಳ್ಳಗಿನ ಮೈಕಾ ಹಾಳೆ ಇಟ್ಟು, ಎರಡೂ ಬದಿಗೆ ಬಿಳಿ ಪೇಸ್ಟನ್ನು ಬೆರಳ ತುದಿಯಿಂದ ಸವರಿ, ಪ್ಲಾಸ್ಟಿಕ್ ಬುಷ್ ಹಾಕಿ ಸ್ಕ್ರೂ ತಿರುಗಿಸುತ್ತಾಳೆ ತಂಗಿಯ ಮಗಳು, ನಾಲಗೆಯನ್ನು ತುಟಿಯಂಚಿಗೆ ಒತ್ತಿ ಹಿಡಿದು. ಮೀಟರಿನ ಎರಡು ಮೊನೆ ಮುಟ್ಟಿಸಿ ಬೀಪ್ ಬರಲಿಲ್ಲವೆಂದು ಖಾತ್ರಿಯಾದ ಮೇಲೇ ಮುಂದಿನದು. ಹಾರ್ಮೋನಿಕ್‌ಗಳನ್ನು ಸೋಸುವ ಫಿಲ್ಟರಿನ ಕಾಯಿಲ್‌ಗಳನ್ನು ಪ್ಲಂಬರ್ ಬಿಟ್ಟುಹೋದ ಪಿವಿಸಿ ಪೈಪಿನ ತುಂಡುಗಳ ಮೇಲೆ ಸುತ್ತಿದ್ದೇವೆ. ಪರೀಕ್ಷೆಗೆ ಡಮ್ಮಿ ಲೋಡ್ ಉಂಟು: ಒಂದು ಕಿಲೋ ಓಮಿನ, ಎರಡು ವ್ಯಾಟಿನ ಇಪ್ಪತ್ತು ರೆಸಿಸ್ಟರುಗಳನ್ನು ಒಟ್ಟಿಗೆ ಕಟ್ಟಿದರೆ ಐವತ್ತು ಓಮ್, ನಲವತ್ತು ವ್ಯಾಟು ತಡೆಯುತ್ತದೆ. ಆಂಟೆನಾಕ್ಕೆ ಜೋಡಿಸುವ ಮುಂಚೆ ಅದರ ಮೇಲೆ ಗಂಟೆಗಟ್ಟಲೆ ಓಡಿಸಿ ನೋಡಬೇಕು. ಊರೆಲ್ಲ ಕೇಳುವ ಗಾಳಿಗೆ ಕೊಳಕು ಅಲೆ ಬಿಡುವ ಹಕ್ಕು ಯಾವ ಪರವಾನಗಿಯಲ್ಲೂ ಇಲ್ಲ.

ಮನೆಯಲ್ಲಿ ಕಟ್ಟಿದ ಟ್ರಾನ್ಸ್‌ಮೀಟರ್ ಮುಂಬಯಿಗೆ ಹೊಸದಲ್ಲ. 1939 ರಲ್ಲಿ ಯುದ್ಧ ಶುರುವಾದಾಗ ಬ್ರಿಟಿಷ್ ಸರಕಾರ ಹವ್ಯಾಸಿಗಳ ಪರವಾನಗಿಗಳನ್ನೆಲ್ಲ ರದ್ದು ಮಾಡಿ ಯಂತ್ರಗಳನ್ನು ಒಪ್ಪಿಸಿ ಎಂದಿತು. ನಗರದ ಹವ್ಯಾಸಿ ನರಿಮನ್ ಪ್ರಿಂಟರ್ ಬಿಡಿಭಾಗಗಳನ್ನು ಉಳಿಸಿಕೊಂಡರು. 1942 ರ ಆಗಸ್ಟಿನಲ್ಲಿ ಉಷಾ ಮೆಹ್ತಾ ಮತ್ತು ಗೆಳೆಯರ ಗುಪ್ತ ಕೇಂದ್ರ ಕಾಂಗ್ರೆಸ್ ರೇಡಿಯೋ 42.34 ಮೀಟರಿನಲ್ಲಿ ಮಾತಾಡಿದ್ದು ಅವರ ಕೈಕೆಲಸದಿಂದ. ಇಂದಿನ ಹ್ಯಾಮ್‌ಗಳ 40 ಮೀಟರ್ ಪಟ್ಟಿಯೊಳಗಿನ ಜಾಗವೇ ಅದು. ಮನೆಯಿಂದ ಮನೆಗೆ ಜಾಗ ಬದಲಿಸುತ್ತಾ ನಡೆದ ಆ ಕೇಂದ್ರವನ್ನು ನವೆಂಬರ್ 12 ರಂದು ಪೊಲೀಸರು ಹಿಡಿದರು. ನಮ್ಮ ಮೇಜಿನ ಮೇಲಿನದು ಸರಕಾರದ ಮೊಹರು ಪಡೆದ ಕೇಂದ್ರ. ಆ ನೆನಪಿರುವವನು ಈ ಮೊಹರಿನ ಬೆಲೆ ತಿಳಿದಿರುತ್ತಾನೆ.

ಕಟ್ಟುವುದಕ್ಕಿಂತ ಕಷ್ಟದ್ದು ಗದ್ದಲದ ಜೊತೆಗಿನ ಗುದ್ದಾಟ. ಪಶ್ಚಿಮಕ್ಕೆ ರೈಲಿನ 25 ಕಿಲೋವೋಲ್ಟ್ ತಂತಿ, ಮಳೆಯಲ್ಲಿ ಪ್ಯಾಂಟೋಗ್ರಾಫಿನಿಂದ ನೀಲಿ ಕಿಡಿ. ಉತ್ತರಕ್ಕೆ ಕಲ್ಯಾಣದಾಚೆಯ ಪಡಘೆ. ಚಂದ್ರಪುರದಿಂದ 752 ಕಿ.ಮೀ. ದಾಟಿ ಬರುವ ಭಾರೀ ವೋಲ್ಟೇಜಿನ ನೇರ ವಿದ್ಯುತ್ ಮಾರ್ಗ ಇಳಿಯುವುದು ಅಲ್ಲಿ. ಆದರೆ ದೂರದ ಈ ದೈತ್ಯರಿಗಿಂತ ಪಕ್ಕದ ಮನೆಯ ಎಲ್‌ಇಡಿ ಬಲ್ಬು ಹೆಚ್ಚು ಕಾಡುತ್ತದೆ. ರಾತ್ರಿ ಹನ್ನೊಂದರ ಮೇಲೆ ಪುಟ್ಟ ಟ್ರಾನ್ಸಿಸ್ಟರ್ ರೇಡಿಯೋವನ್ನು ಮೀಡಿಯಂ ವೇವಿನ ಬಲತುದಿಯ ಖಾಲಿ ಜಾಗಕ್ಕೆ ತಿರುಗಿಸಿ ಹಿಡಿದು ಮೆಟ್ಟಿಲು ಮೆಟ್ಟಿಲು ಹತ್ತಬೇಕು. ಒಳಗಿನ ಫೆರೈಟ್ ಕಡ್ಡಿಯ ತುದಿ ಗದ್ದಲದ ಕಡೆ ಮುಖ ಮಾಡಿದಾಗ ಸದ್ದು ಥಟ್ಟನೆ ಇಳಿಯುತ್ತದೆ. ಕಡ್ಡಿ ತೋರಿಸುವ ಬಾಗಿಲೇ ಆರೋಪಿ. ಎರಡನೆಯ ಮಾಳಿಗೆಯ ದೇವರ ಮಂಟಪದ ಬಣ್ಣದ ದೀಪದ ಅಡಾಪ್ಟರ್, ಸಿಸಿಟಿವಿಯ ಪವರ್ ಸಪ್ಲೈ, ಲಿಫ್ಟಿನ ಡ್ರೈವ್. ಅಡಾಪ್ಟರನ್ನು ನನ್ನ ಖರ್ಚಿನಲ್ಲೇ ಬದಲಿಸಿಕೊಟ್ಟೆ, ಆ ಮನೆಯ ತಾಯಿ ಪೂರಣಪೋಳಿ ಕೊಟ್ಟು ಕಳಿಸಿದರು.

ವಿದ್ಯುತ್ ಗದ್ದಲದ ಜೊತೆಗಿನ ಈ ಜಗಳ ಈ ನಾಡಿನಲ್ಲಿ ಶತಮಾನದಷ್ಟು ಹಳೆಯದು. ಕೊಲಾಬಾದಲ್ಲಿ 1841 ರಿಂದ ಭೂಮಿಯ ಕಾಂತತ್ವ ಅಳೆಯುತ್ತಿದ್ದ ವೀಕ್ಷಣಾಲಯ ಮುಂಬಯಿಯ ಟ್ರಾಮಿಗೆ ವಿದ್ಯುತ್ ಬರುತ್ತದೆ ಎಂದಾಗ ಗಂಟುಮೂಟೆ ಕಟ್ಟಿತು. 1904 ರಲ್ಲಿ ಖಾರಿಯಾಚೆ ಅಲಿಬಾಗಿನಲ್ಲಿ, ಕಾಂತಕ್ಕೆ ಸೋಕದ ಸಾಮಗ್ರಿಯಿಂದಲೇ ಕಟ್ಟಿದ ಮನೆಯಲ್ಲಿ ಮುಂದುವರಿಯಿತು. ಅದನ್ನು ಈಗ ನಡೆಸುವ ಭಾರತೀಯ ಭೂಕಾಂತತ್ವ ಸಂಸ್ಥೆಯ ಮುಖ್ಯ ಕಚೇರಿ ನಮ್ಮ ನವ ಪನವೇಲಿನಲ್ಲಿದೆ. ವೀಕ್ಷಣಾಲಯಕ್ಕೆ ಊರು ಬಿಡಲು ಸಾಧ್ಯವಿತ್ತು. ನಾವು ಇಲ್ಲೇ ಇದ್ದು ನೆರೆಯವರ ಜೊತೆ ಮಾತಾಡಿಯೇ ಗೆಲ್ಲಬೇಕು.

ಇಷ್ಟೆಲ್ಲ ಆದ ಮೇಲೆ ಬರುವುದು ಚಳಿಗಾಲದ ರಾತ್ರಿ. ಹಗಲಿನಲ್ಲಿ 160 ಮೀಟರಿನ ಅಲೆಯನ್ನು ಅಯಾನುಮಂಡಲದ ಕೆಳಪದರ ನುಂಗಿಬಿಡುತ್ತದೆ, ಠಾಣೆ ದಾಟುವುದೂ ಕಷ್ಟ. ಸೂರ್ಯ ಮುಳುಗಿದರೆ ಆ ಪದರ ಕರಗುತ್ತದೆ, ಅಲೆ ಮೇಲಿನ ಪದರಕ್ಕೆ ಬಡಿದು ದೂರ ಇಳಿಯುತ್ತದೆ. ಮಳೆಗಾಲದಲ್ಲಿ ಹೆಡ್‌ಫೋನಿನಲ್ಲಿ ಕಾದ ಕಾವಲಿಗೆ ನೀರು ಚಿಮುಕಿಸಿದಂತೆ ಸಿಡಿಲಿನ ಚುರುಚುರು ಬಿಟ್ಟರೆ ಬೇರೇನಿಲ್ಲ. ಡಿಸೆಂಬರಿನಲ್ಲಿ ಅದು ತಗ್ಗುತ್ತದೆ. ಹಾಗೊಂದು ರಾತ್ರಿ, ಕೊನೆಯ ಲೋಕಲ್‌ಗಳು ಓಡುತ್ತಿದ್ದಾಗ, ಇಪ್ಪತ್ತು ವ್ಯಾಟಿನ ಮೋರ್ಸ್ ಕರೆಗೆ ಉಡುಪಿ ಕಡೆಯ ಹಿರಿಯ ಹ್ಯಾಮ್ ಒಬ್ಬರು ಉತ್ತರ ಕೊಟ್ಟರು. ಸುಮಾರು 670 ಕಿ.ಮೀ. ಚುಕ್ಕಿ ಗೆರೆಗಳಲ್ಲೇ ಒಂದೊಂದಕ್ಷರವಾಗಿ "ನಮಸ್ಕಾರ" ಬಂತು, ಆಮೇಲೆ "ಊಟ ಆಯ್ತಾ". ತಂಗಿಯ ಮಗಳು ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದವಳು "ಮಾವ, ಕನ್ನಡ!" ಎಂದು ಕುರ್ಚಿಯಿಂದ ಎದ್ದೇಬಿಟ್ಟಳು.

ಇನ್ನೂ ಕೆಳಗೆ ಇಳಿಯುವ ಆಸೆ ನನಗೆ. ಮುಂಬಯಿಯ ಕರಾವಳಿ ಕೇಂದ್ರ ವಿಡಬ್ಲ್ಯುಬಿ ಹಡಗುಗಳ ಮೊರೆಗೆ ಕಿವಿಗೊಡುತ್ತಿದ್ದ 500 ಕಿಲೋಹರ್ಟ್ಸ್ 1999 ರಲ್ಲಿ ಹೊಸ ವ್ಯವಸ್ಥೆ ಬಂದ ಮೇಲೆ ಬರಿದಾಯಿತು. ಅದರ ನೆರೆಯ 472 ರಿಂದ 479 ನ್ನು 2012 ರ ವಿಶ್ವ ರೇಡಿಯೋ ಸಮ್ಮೇಳನ ಹವ್ಯಾಸಿಗಳಿಗೆ ಎರಡನೆಯ ದರ್ಜೆಯ ಹಕ್ಕಾಗಿ ಕೊಟ್ಟಿತು. ಅಲ್ಲಿ ಅಲೆಯ ಉದ್ದ 630 ಮೀಟರ್. ನಮ್ಮ ತಂತಿ ಅದಕ್ಕೆ ತೀರ ಗಿಡ್ಡ. ಬುಡದಲ್ಲಿ ದೊಡ್ಡ ಕಾಯಿಲ್ ಕೂರಿಸಿ ಸರಿದೂಗಿಸಬೇಕು, ಕಾಯಿಲಿನ ತಲೆಯಲ್ಲಿ ಸಾವಿರಾರು ವೋಲ್ಟು ನಿಲ್ಲುತ್ತದೆ. ಕೊಟ್ಟ ಶಕ್ತಿಯಲ್ಲಿ ಹೊರಹೊಮ್ಮುವುದು ನೂರಕ್ಕೆ ಒಂದೆರಡು ಪಾಲು, ಉಳಿದದ್ದು ಮತ್ತೆ ಮಣ್ಣಿಗೆ. ಅಷ್ಟೇ ಸಾಕಾಗುವುದು ನಿಧಾನದ ಸಂಕೇತಗಳಿಂದ. ನೊಬೆಲ್ ಪಡೆದ ಖಗೋಳ ವಿಜ್ಞಾನಿ ಜೋ ಟೇಲರ್ 2008 ರಲ್ಲಿ ಕೊಟ್ಟ ವಿಸ್ಪರ್ ವಿಧಾನದಲ್ಲಿ ಒಂದು ಕರೆಗುರುತು, ಊರಿನ ಚೌಕದ ಸಂಖ್ಯೆ, ಶಕ್ತಿಯ ಮಟ್ಟ ಇಷ್ಟನ್ನು ಹೇಳಲು ಎರಡು ನಿಮಿಷ. ಕಿವಿಗೆ ಗದ್ದಲವಷ್ಟೇ ಕೇಳಿಸುವಲ್ಲಿ ಕಂಪ್ಯೂಟರ್ ಅದನ್ನು ಹೆಕ್ಕಿ ತೆಗೆಯುತ್ತದೆ. ನಮ್ಮ ಚೌಕ ಎಂಕೆ69.

ನನ್ನ ಪರವಾನಗಿಯ ಪಟ್ಟಿ 1820 ರಿಂದ ಶುರು, ಆದ್ದರಿಂದ 475 ರಲ್ಲಿ ಸದ್ಯಕ್ಕೆ ಕೇಳುವುದು ಮಾತ್ರ. ಕಾಯಿಲ್ ಆದರೂ ತಯಾರಿರಲಿ ಎಂದು 110 ಮಿ.ಮೀ. ಡ್ರೇನೇಜ್ ಪೈಪಿನ ಮೇಲೆ ಪ್ಲಾಸ್ಟಿಕ್ ಹೊದಿಕೆಯ ತಂತಿಯನ್ನು ಒತ್ತೊತ್ತಾಗಿ ಸುತ್ತುತ್ತಿದ್ದೇವೆ, ತೊಂಬತ್ತು ಸುತ್ತಿನ ಆಸುಪಾಸು. ಅದರೊಳಗೆ ತಿರುಗುವ ಇನ್ನೊಂದು ಚಿಕ್ಕ ಕಾಯಿಲ್ ಬೇಕು; ಮಣ್ಣು ಒದ್ದೆಯಾದಂತೆ, ಒಣಗಿದಂತೆ ಶ್ರುತಿ ಸರಿಪಡಿಸಲು. ಆಪರೇಟರ್ ಪರೀಕ್ಷೆಗೆ ಕೂರಲು ಹನ್ನೆರಡು ವರ್ಷ ತುಂಬಿದ್ದರೆ ಸಾಕು, ತಂಗಿಯ ಮಗಳಿಗೆ ಹದಿನಾಲ್ಕು. ಪುಸ್ತಕದ ಜೊತೆಗೇ ಈ ಕಾಯಿಲನ್ನೂ ಅವಳು ಓದುತ್ತಿದ್ದಾಳೆ.